ಸಣ್ಣ ಉದ್ಯಮ ನಡೆಸುವವರ ಸ್ವಂತ ಆರೈಕೆ: ಉಸಿರಿನಿಂದ ಇಳಿಯುವ ಒತ್ತಡ ಯಾವುದು, ವ್ಯವಸ್ಥೆ ಬದಲಿಸದೆ ಇಳಿಯದ್ದು ಯಾವುದು

ಸಂಬಳಕ್ಕೆ ದುಡಿಯುವವರಿಗೆ ಆಯಾಸವಾದರೆ ರಜೆ ಹಾಕಬಹುದು, ಅವರ ಕೆಲಸವನ್ನು ಪಕ್ಕದವರು ನೋಡಿಕೊಳ್ಳುತ್ತಾರೆ. ಒಬ್ಬರೋ ಇಬ್ಬರೋ ಸೇರಿ ನಡೆಸುವ ಉದ್ಯಮದಲ್ಲಿ ಆ ಪಕ್ಕದವರೇ ಇರುವುದಿಲ್ಲ. ಆರ್ಡರ್ ಹಿಡಿಯುವವರೂ ಅವರೇ, ಸಾಮಾನು ತರಿಸುವವರೂ ಅವರೇ, ಬಾಕಿ ವಸೂಲಿ ಮಾಡುವವರೂ ಅವರೇ, ಗಿರಾಕಿಯ ಸಿಟ್ಟು ಕೇಳಿಸಿಕೊಳ್ಳುವವರೂ ಅವರೇ. ಹಾಗಾಗಿ "ಸ್ವಲ್ಪ ವಿಶ್ರಾಂತಿ ತಗೊಳ್ಳಿ" ಎಂಬ ಸಲಹೆ ಇಂಥವರ ಕಿವಿಗೆ ಬಿದ್ದರೂ ಉಪಯೋಗಕ್ಕೆ ಬರುವುದಿಲ್ಲ. ಎರಡು ದಿನ ವಿಶ್ರಾಂತಿ ತೆಗೆದುಕೊಂಡರೆ ಆ ಎರಡು ದಿನದ ಕೆಲಸ ಮೂರನೇ ದಿನ ಅವರಿಗಾಗಿಯೇ ಕಾದಿರುತ್ತದೆ.

ಸ್ವಂತ ಆರೈಕೆಯನ್ನು ಬಿಡುವಾದಾಗ ಮಾಡುವ ಸಂಗತಿ ಎಂದುಕೊಂಡವರಿಗೆ ಅದು ಎಂದೂ ಕೈಗೂಡುವುದಿಲ್ಲ. ಅದನ್ನು ವ್ಯಾಪಾರ ನಡೆಸುವ ಕ್ರಮದೊಳಗೇ ಕೂರಿಸಬೇಕಾಗುತ್ತದೆ: ಮೆಸೇಜ್ ನೋಡುವುದು ಯಾವ ಹೊತ್ತಿಗೆ, ಹಣದ ಲೆಕ್ಕಕ್ಕೆ ಕೂರುವುದು ಯಾವ ದಿನ, ದಿನದ ಕೆಲಸ ಮುಗಿಯಿತು ಎಂದು ತೀರ್ಮಾನಿಸುವುದು ಹೇಗೆ. ಮೈಂಡ್‌ಫುಲ್‌ನೆಸ್ ಎಂದು ಕರೆಯುವ ಸಾವಧಾನದ ಅಭ್ಯಾಸಕ್ಕೆ ಇದರಲ್ಲಿ ಒಂದು ನಿರ್ದಿಷ್ಟ ಪಾತ್ರವಿದೆ. ಮೈಮನಸ್ಸು ಬಿಗಿಯುತ್ತಿರುವುದನ್ನು ಅದು ಬೇಗ ಗೊತ್ತುಮಾಡಿಕೊಡುತ್ತದೆ. ಗೊತ್ತಾದ ಮೇಲೆ ಏನು ಮಾಡಬೇಕೆಂಬುದು ಒತ್ತಡ ಎಲ್ಲಿಂದ ಬಂತು ಎಂಬುದರ ಮೇಲೆ ನಿಂತಿದೆ. ಕೆಲವು ಬಗೆಯ ಒತ್ತಡ ಉಸಿರಾಟದಿಂದಲೇ ಇಳಿಯುತ್ತದೆ. ಬೆಲೆ ಕಡಿಮೆ ಹಾಕಿದ್ದರಿಂದ ಹುಟ್ಟಿದ ಒತ್ತಡ ಮಾತ್ರ ಎಷ್ಟು ಹೊತ್ತು ಕಣ್ಣು ಮುಚ್ಚಿ ಕೂತರೂ ಬೆಲೆ ಸರಿಪಡಿಸುವವರೆಗೆ ಇಳಿಯುವುದಿಲ್ಲ.

ಬರೀ ದಣಿವೋ, ಬರ್ನೌಟೋ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಬರ್ನೌಟನ್ನು ವಿವರಿಸಿತು. ಅದನ್ನು ಕಾಯಿಲೆ ಎಂದು ಕರೆಯಲಿಲ್ಲ. ಸರಿಯಾಗಿ ನಿಭಾಯಿಸದೆ ಬಹುಕಾಲ ಉಳಿದುಹೋದ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಎಂದಿತು. ಅದಕ್ಕೆ ಮೂರು ಲಕ್ಷಣ. ಮೊದಲನೆಯದು ಬಳಲಿಕೆ: ರಾತ್ರಿಯಿಡೀ ಮಲಗಿ ಎದ್ದರೂ ದಣಿವು ಹೋಗಿರುವುದಿಲ್ಲ. ಎರಡನೆಯದು ಕೆಲಸದಿಂದ ಮನಸ್ಸು ದೂರವಾಗುವುದು. ಫೋನ್ ರಿಂಗಾದರೆ ಯಾರೆಂದು ನೋಡುವ ಮೊದಲೇ ಬೇಸರ, ಒಳ್ಳೆಯ ಗಿರಾಕಿಯೂ ತೊಂದರೆ ಕೊಡಲೆಂದೇ ಬಂದವರಂತೆ ಕಾಣುವುದು. ಮೂರನೆಯದು ತನ್ನ ಕೈಯಲ್ಲಿ ಏನೂ ಸರಿಯಾಗಿ ಆಗುತ್ತಿಲ್ಲ ಎಂಬ ಭಾವನೆ. ಮೊದಲು ಹತ್ತು ನಿಮಿಷಕ್ಕೆ ಬರೆಯುತ್ತಿದ್ದ ಕೊಟೇಶನ್‌ಗೆ ಈಗ ಅರ್ಧ ದಿನ ಹಿಡಿಯುತ್ತದೆ.

ಇವುಗಳಲ್ಲಿ ಎರಡನೆಯದರ ಮೇಲೆ ಹೆಚ್ಚು ಕಣ್ಣಿಡಬೇಕು. ಬಳಲಿಕೆಯನ್ನು ಎಲ್ಲರೂ ಗುರುತಿಸುತ್ತಾರೆ, ಮನಸ್ಸು ಕಹಿಯಾಗುವುದನ್ನು ಮಾತ್ರ "ಜನರೇ ಹಾಗೆ" ಎಂದುಕೊಂಡು ಬಿಟ್ಟುಬಿಡುತ್ತಾರೆ. ಜನ ಎಲ್ಲ ಒಂದೇ ತಿಂಗಳಲ್ಲಿ ಕೆಟ್ಟವರಾದಂತೆ ತೋರಿದರೆ ಬದಲಾಗಿರುವುದು ಜನ ಅಲ್ಲ.

ದುಡಿಮೆಯ ಹೊತ್ತಿಗೂ ಒಂದು ಅಳತೆ ಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಒಟ್ಟಾಗಿ ಪ್ರಕಟಿಸಿದ ಅಂದಾಜಿನಂತೆ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇಕಡಾ 17ರಷ್ಟು ಹೆಚ್ಚು. ಸ್ವಂತ ಉದ್ಯಮದವರಲ್ಲಿ ಎಷ್ಟೋ ಮಂದಿ ತಾವು ಎಷ್ಟು ಗಂಟೆ ದುಡಿಯುತ್ತೇವೆಂದು ಎಂದೂ ಎಣಿಸಿರುವುದಿಲ್ಲ.

ಒಂದು ವಾರ ಎಣಿಸಿ ನೋಡಿ. ಶುರು ಮಾಡಿದ ಹೊತ್ತು, ನಿಲ್ಲಿಸಿದ ಹೊತ್ತು, ಊಟದ ಮಧ್ಯೆ ಮತ್ತು ಮಲಗುವ ಮುಂಚೆ ಫೋನಿನಲ್ಲಿ ವ್ಯಾಪಾರಕ್ಕೆಂದು ಹೋದ ನಿಮಿಷ, ಎಲ್ಲವನ್ನೂ ಬರೆಯಿರಿ. ಯಾವ ಆ್ಯಪ್‌ನಲ್ಲಿ ಎಷ್ಟು ಹೊತ್ತು ಕಳೆದಿರಿ ಎಂಬುದು ಫೋನಿನ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ. ಪ್ರತಿ ಕೆಲಸದ ಪಕ್ಕ ಒಂದು ಗುರುತು ಹಾಕಿ: ನೇರವಾಗಿ ಹಣ ತರುವ ಕೆಲಸಕ್ಕೆ "ಹ", ಹಣ ತರದಿದ್ದರೂ ಬಿಡಲಾಗದ ಕೆಲಸಕ್ಕೆ "ಬೇ", ಬೇರೆ ಯಾರಾದರೂ ಮಾಡಬಹುದಾಗಿದ್ದ ಅಥವಾ ಮಾಡದಿದ್ದರೂ ನಡೆಯುತ್ತಿದ್ದ ಕೆಲಸಕ್ಕೆ "ಬಿ". ಮುಂದೆ ಯಾವುದನ್ನು ಕಡಿಮೆ ಮಾಡಬೇಕೆಂಬ ಪ್ರಶ್ನೆಗೆ ಉತ್ತರ ಆ "ಬಿ" ಸಾಲುಗಳಲ್ಲಿದೆ. ವಾರದ ಮಧ್ಯೆ ಬರೆಯುವುದು ತಪ್ಪಿಹೋದರೆ ನೆನಪಿನಿಂದ ತುಂಬಿಸಲು ಹೋಗಬೇಡಿ, ಆ ದಿನ ಬಿಟ್ಟು ಮುಂದುವರಿಯಿರಿ. ನೆನಪಿನ ಲೆಕ್ಕದಲ್ಲಿ ಫೋನಿನ ಹೊತ್ತು ಬರುವುದೇ ಇಲ್ಲ.

ಹತ್ತು ನಿಮಿಷದ ಅಭ್ಯಾಸ, ಮತ್ತು ಅದು ಎಲ್ಲಿ ಕೆಡುತ್ತದೆ

ಧ್ಯಾನದ ಹಳೆಯ ಪದ್ಧತಿಗಳಿಂದ ಧಾರ್ಮಿಕ ಅಂಶ ಬಿಟ್ಟು, ಆಸ್ಪತ್ರೆಯಲ್ಲಿ ಕಲಿಸಬಹುದಾದ ರೂಪ ಕೊಟ್ಟವರು ಜಾನ್ ಕಬಟ್-ಜಿನ್. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಅವರು ಶುರು ಮಾಡಿದ ತರಬೇತಿ ಎಂಟು ವಾರದ್ದು. ವಾರಕ್ಕೊಂದು ತರಗತಿ, ಮನೆಯಲ್ಲಿ ದಿನಕ್ಕೆ ಸುಮಾರು 45 ನಿಮಿಷದ ಅಭ್ಯಾಸ. ಉದ್ಯಮ ನಡೆಸುತ್ತ ಅಷ್ಟು ಹೊತ್ತು ಹೊಂದಿಸಬಲ್ಲವರು ಕಡಿಮೆ. ಹತ್ತು ನಿಮಿಷದಿಂದ ಶುರು ಮಾಡಬಹುದು, ದಿನವೂ ಮಾಡಬೇಕು ಅಷ್ಟೆ.

ದಿನದ ಮೊದಲ ಮೆಸೇಜ್ ನೋಡುವ ಮುಂಚೆ ಕೂರಬೇಕು. ಈ ಒಂದು ಷರತ್ತು ಸಡಿಲಿಸಿದರೆ ಅಭ್ಯಾಸ ನಿಂತುಹೋಗುತ್ತದೆ, ಏಕೆಂದರೆ ಮೊದಲ ಮೆಸೇಜ್ ಎರಡನೆಯದಕ್ಕೆ ಎಳೆಯುತ್ತದೆ. ಕುರ್ಚಿಯಲ್ಲಿ ಕೂತರೆ ಸಾಕು. ಪಾದ ಪೂರ್ತಿ ನೆಲಕ್ಕೆ ತಾಗಿರಲಿ, ಬೆನ್ನು ಒರಗದೆ ನೆಟ್ಟಗಿರಲಿ, ಕೈ ತೊಡೆಯ ಮೇಲಿರಲಿ. ಗಡಿಯಾರದ ಅಲಾರಂ ಇಟ್ಟುಕೊಳ್ಳಿ. ಫೋನಿನದೇ ಆದರೆ ಏರೋಪ್ಲೇನ್ ಮೋಡ್‌ಗೆ ಹಾಕಿ ದೂರ ಇಡಿ. ಮೊದಲ ಎರಡು ನಿಮಿಷ ಮೈ ಎಲ್ಲೆಲ್ಲಿ ತಾಗಿದೆ ಎಂಬುದನ್ನು ಗಮನಿಸಿ: ಪಾದ, ತೊಡೆ, ಅಂಗೈ. ಆಮೇಲೆ ಗಮನವನ್ನು ಉಸಿರು ಚೆನ್ನಾಗಿ ತಿಳಿಯುವ ಒಂದೇ ಜಾಗಕ್ಕೆ ತನ್ನಿ. ಮೂಗಿನ ತುದಿಯೋ ಹೊಟ್ಟೆಯೋ, ಯಾವುದಾದರೂ ಒಂದು. ಉಸಿರನ್ನು ತಿದ್ದಲು ಹೋಗಬೇಡಿ. ಗಮನ ಸರಿದುಹೋದದ್ದು ತಿಳಿದ ಕ್ಷಣ, ಹೋದದ್ದು ಎಲ್ಲಿಗೆ ಎಂಬುದಕ್ಕೆ ಮನಸ್ಸಿನಲ್ಲೇ ಒಂದು ಹೆಸರು ಕೊಡಿ: "ಲೆಕ್ಕ", "ಜಗಳ", "ನಾಳೆ". ಮರಳಿ ಉಸಿರಿಗೆ ಬನ್ನಿ. ಹತ್ತು ನಿಮಿಷದಲ್ಲಿ ಮೂವತ್ತು ಸಲ ಹೀಗಾದರೂ ಅಭ್ಯಾಸ ಸರಿಯಾಗಿಯೇ ನಡೆದಿದೆ. ಮರಳಿ ಬರುವುದೇ ಇಲ್ಲಿನ ವ್ಯಾಯಾಮ.

ಗಮನ ಸರಿಯುವುದು ಎಲ್ಲರಿಗೂ ಸಹಜ. ಹಾರ್ವರ್ಡ್‌ನ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನದ ಯಾವುದೋ ಹೊತ್ತಿನಲ್ಲಿ ಫೋನಿನ ಮೂಲಕ ವಿಚಾರಿಸಿದಾಗ ಶೇಕಡಾ 47ರಷ್ಟು ಸಲ ಜನರ ಮನಸ್ಸು ಮಾಡುತ್ತಿದ್ದ ಕೆಲಸದ ಮೇಲಿರಲಿಲ್ಲ.

ಕೆಡುವುದು ಹೀಗೆ. ಉದ್ಯಮದವರಿಗೆ ಕೂತೊಡನೆ ಒಳ್ಳೊಳ್ಳೆಯ ಉಪಾಯಗಳು ಹೊಳೆಯಲು ಶುರುವಾಗುತ್ತವೆ, ಮರೆತುಹೋದೀತು ಎಂಬ ಆತಂಕವೂ ಜೊತೆಗೆ. ಪಕ್ಕದಲ್ಲಿ ಚೀಟಿ, ಪೆನ್ನು ಇಟ್ಟುಕೊಂಡು ಎರಡೇ ಪದ ಗೀಚಿ ಮತ್ತೆ ಕೂರಬಹುದು. ಕೆಲವರಿಗೆ ಕೂತ ಐದನೇ ನಿಮಿಷಕ್ಕೆ ತೂಕಡಿಕೆ. ಅದು ಧ್ಯಾನದ ತೊಂದರೆಯಲ್ಲ, ನಿದ್ದೆಯ ಬಾಕಿ. ಮೊದಲು ನಿದ್ದೆ ಸರಿಮಾಡಿಕೊಳ್ಳಬೇಕು. ಇನ್ನು ಕೆಲವರಿಗೆ ಉಸಿರನ್ನು ಗಮನಿಸಿದಷ್ಟೂ ಎದೆ ಬಿಗಿಯುತ್ತದೆ, ಗಾಬರಿ ಹೆಚ್ಚುತ್ತದೆ. ಅಂಥವರು ಉಸಿರಿನ ಸಹವಾಸ ಬಿಟ್ಟು, ಕಣ್ಣು ತೆರೆದೇ ಕೂತು, ಪಾದದಡಿಯ ನೆಲವನ್ನೋ ಸುತ್ತಲಿನ ಸದ್ದುಗಳನ್ನೋ ಗಮನಿಸಲಿ. ಇಲ್ಲವೇ ಹತ್ತು ನಿಮಿಷ ನಿಧಾನವಾಗಿ ನಡೆಯುತ್ತ ಹೆಜ್ಜೆಯನ್ನು ಗಮನಿಸಲಿ. ಹಿಂದಿನ ದೊಡ್ಡ ಆಘಾತದ ನೆನಪುಗಳು ಕೂತಾಗ ಮೇಲೇಳುವುದಾದರೆ ಒಬ್ಬರೇ ಮುಂದುವರಿಸದೆ ಮನೋವೈದ್ಯರ ಅಥವಾ ಆಪ್ತಸಮಾಲೋಚಕರ ನೆರವಿನಲ್ಲಿ ಮಾಡುವುದು ಕ್ಷೇಮ.

ಬೆಳಗಿನ ಈ ಅಭ್ಯಾಸದ ಬೆಲೆ ಗೊತ್ತಾಗುವುದು ಸಂಜೆ. ಒಂದು ಸಂದರ್ಭವನ್ನೇ ಹತ್ತಿರದಿಂದ ನೋಡೋಣ. ಕೆಲಸ ಮುಗಿಸುವ ಹೊತ್ತಿಗೆ ಗಿರಾಕಿಯ ಮೆಸೇಜ್ ಬರುತ್ತದೆ: "ನೀವು ಕಳಿಸಿದ್ದು ಸರಿಯಿಲ್ಲ. ಹಣ ವಾಪಸ್ ಬೇಕು. ಎಲ್ಲರಿಗೂ ಹೇಳುತ್ತೇನೆ." ಓದಿದ ಕೆಲವೇ ಕ್ಷಣಗಳಲ್ಲಿ ದವಡೆ ಬಿಗಿಯುತ್ತದೆ, ಭುಜ ಕಿವಿಯತ್ತ ಏರುತ್ತದೆ, ಉಸಿರು ಎದೆಯ ಮೇಲ್ಭಾಗಕ್ಕೆ ಸೀಮಿತವಾಗುತ್ತದೆ, ಹೆಬ್ಬೆರಳು ಆಗಲೇ ಟೈಪ್ ಮಾಡುತ್ತಿರುತ್ತದೆ. ಆ ಹೆಬ್ಬೆರಳು ಬರೆಯುವ ಉತ್ತರ ಎರಡರಲ್ಲೊಂದು: ಜಗಳ, ಇಲ್ಲವೇ ಭಯಕ್ಕೆ ಪೂರ್ತಿ ಹಣ ಬಿಟ್ಟುಕೊಡುವುದು. ಎರಡೂ ನಷ್ಟ.

ಅಭ್ಯಾಸ ಇದ್ದವರಿಗೆ ದವಡೆ ಬಿಗಿದದ್ದು ಗೊತ್ತಾಗುತ್ತದೆ. ಅಷ್ಟು ಗೊತ್ತಾದರೆ ಉಳಿದದ್ದು ಮಾಡಬಹುದು. ಫೋನನ್ನು ಮುಖ ಕೆಳಗಾಗಿ ಇಡಿ. ಮೂಗಿನಿಂದ ಉಸಿರು ಎಳೆದುಕೊಂಡು, ಅದರ ಮೇಲೆ ಇನ್ನೊಂದು ಚಿಕ್ಕ ಉಸಿರು ಎಳೆದು, ಬಾಯಿಯಿಂದ ಉದ್ದಕ್ಕೆ, ಖಾಲಿಯಾಗುವವರೆಗೆ ಬಿಡಿ. ಐದಾರು ಸಲ. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ, ಆದ್ದರಿಂದ ಬಿಡುವ ಹೊತ್ತು ಎಳೆಯುವ ಹೊತ್ತಿಗಿಂತ ಉದ್ದವಾಗಿರಬೇಕು. ಹೀಗೆ ದಿನಕ್ಕೆ ಐದು ನಿಮಿಷ ಉಸಿರಾಡುವುದನ್ನು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಒಂದು ತಿಂಗಳ ಕಾಲ ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರ ಮನಸ್ಥಿತಿ ಸುಧಾರಿಸಿದ್ದು ಕಂಡುಬಂತು. ಆಮೇಲೆ ಭಾವನೆಗೆ ಹೆಸರಿಡಿ: "ಅವಮಾನ ಆಗಿದೆ", "ಹೆದರಿಕೆ ಆಗಿದೆ". ಭಾವನೆಯನ್ನು ಪದದಲ್ಲಿ ಹೇಳಿದಾಗ ಭಯದಂಥ ಭಾವನೆಗಳಿಗೆ ಸ್ಪಂದಿಸುವ, ಮೆದುಳಿನ ಅಮಿಗ್ಡಲಾ ಎಂಬ ಭಾಗದ ಪ್ರತಿಕ್ರಿಯೆ ತಗ್ಗುವುದನ್ನು 2007ರಲ್ಲಿ ಮನೋವಿಜ್ಞಾನಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು ಸ್ಕ್ಯಾನ್ ಮೂಲಕ ತೋರಿಸಿದರು. ನಂತರ ಮೊದಲೇ ಬರೆದಿಟ್ಟುಕೊಂಡ ಉತ್ತರ ಕಳಿಸಿ: "ನಿಮಗೆ ತೊಂದರೆಯಾದದ್ದಕ್ಕೆ ಬೇಸರವಾಯಿತು. ಎರಡು ಫೋಟೊ ಕಳಿಸಿ. ನಾಳೆ ಮಧ್ಯಾಹ್ನ ಹನ್ನೆರಡರೊಳಗೆ ಏನು ಮಾಡಬಹುದೆಂದು ತಿಳಿಸುತ್ತೇನೆ." ತೀರ್ಮಾನ ನಾಳೆಗೆ. ಈ ಉತ್ತರವನ್ನು ಇಂದೇ, ಮನಸ್ಸು ತಣ್ಣಗಿರುವಾಗ ಬರೆದು ಫೋನಿನಲ್ಲಿ ಉಳಿಸಿಕೊಳ್ಳಿ. ಸಿಟ್ಟಿನಲ್ಲಿರುವಾಗ ಒಳ್ಳೆಯ ವಾಕ್ಯ ಹೊಳೆಯುವುದಿಲ್ಲ.

ಮೆಸೇಜಿಗೆ ಹೊತ್ತು ಗೊತ್ತುಮಾಡುವುದು

ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಳೆಯದರಲ್ಲೇ ಉಳಿಯುತ್ತದೆ ಎಂಬುದನ್ನು ಸಂಶೋಧಕಿ ಸೋಫಿ ಲಿರಾಯ್ 2009ರಲ್ಲಿ ಪ್ರಯೋಗದಿಂದ ತೋರಿಸಿದರು. ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರ 2008ರ ಪ್ರಯೋಗದಲ್ಲಿ, ಪದೇ ಪದೇ ಅಡ್ಡಿಯಾದವರು ಕೆಲಸವನ್ನೇನೋ ಬೇಗ ಮುಗಿಸಿದರು, ಆದರೆ ಅವರಲ್ಲಿ ಒತ್ತಡ, ಹತಾಶೆ, ಸಮಯದ ಧಾವಂತ ಹೆಚ್ಚಿತ್ತು. ದಿನವಿಡೀ ಚುರುಕಾಗಿ ಓಡಾಡಿ ಸಂಜೆ "ಏನೂ ಆಗಲಿಲ್ಲ" ಎನಿಸುವುದರ ಹಿಂದೆ ಇದೂ ಒಂದು ಕಾರಣ.

ಮೆಸೇಜ್ ನೋಡಲು ದಿನಕ್ಕೆ ಮೂರು ಹೊತ್ತು ನಿಗದಿ ಮಾಡಿ, ತಲಾ 30 ನಿಮಿಷ: ಕೆಲಸ ಶುರುವಾದ ಒಂದು ಗಂಟೆಯ ನಂತರ, ಮಧ್ಯಾಹ್ನ, ಮುಗಿಸುವ ಒಂದು ಗಂಟೆ ಮೊದಲು. ಉಳಿದ ಹೊತ್ತು ನೋಟಿಫಿಕೇಶನ್ ಆಫ್. ವ್ಯಾಪಾರಕ್ಕೆ ಬೇರೆ ನಂಬರ್ ಇರಲಿ. ಒಂದೇ ಫೋನಿನಲ್ಲಿ ಎರಡು ಸಿಮ್ ಆದರೂ ಸರಿ, ರಾತ್ರಿ ಒಂದನ್ನು ಆಫ್ ಮಾಡಲು ಬರುವಂತಿರಬೇಕು. ತಾನಾಗಿ ಹೋಗುವ ಉತ್ತರದಲ್ಲಿ ಮೂರು ವಿಷಯ ಸಾಕು: ಮೆಸೇಜ್ ತಲುಪಿದೆ, ಇಂತಿಷ್ಟು ಹೊತ್ತಿನೊಳಗೆ ಉತ್ತರ ಬರುತ್ತದೆ, ತುರ್ತು ಇದ್ದರೆ ಏನು ಮಾಡಬೇಕು. ತುರ್ತು ಎಂದರೇನು ಎಂದು ನೀವೇ ಮೊದಲು ಬರೆದಿಟ್ಟುಕೊಳ್ಳಿ. "ಇಂದೇ ತಲುಪಬೇಕಾದ ಆರ್ಡರ್ ತಲುಪಿಲ್ಲ" ತುರ್ತು. "ಇನ್ನೊಂದು ಬಣ್ಣ ಇದೆಯಾ" ತುರ್ತಲ್ಲ.

ದಿನವಿಡೀ ಗಿರಾಕಿ ಎದುರಿಗೇ ನಿಂತಿರುವ ವ್ಯಾಪಾರದಲ್ಲಿ ಈ ಕ್ರಮ ಪೂರ್ತಿ ಸಾಧ್ಯವಿಲ್ಲ, ಒಪ್ಪುವ ಮಾತೇ. ಅಲ್ಲಿ ಕಡೇ ಪಕ್ಷ ದಿನಕ್ಕೆ ಒಂದು ಗಂಟೆ, ಜನ ಕಡಿಮೆ ಬರುವ ಹೊತ್ತನ್ನು ಆರಿಸಿಕೊಂಡು, ಗಮನ ಬೇಡುವ ಕೆಲಸಕ್ಕೆ ಮೀಸಲಿಡಬಹುದು.

ಈ ವ್ಯವಸ್ಥೆ ಹಾಳಾಗುವುದು ವಿನಾಯಿತಿಯಿಂದ. ರಾತ್ರಿ ಹನ್ನೊಂದಕ್ಕೆ ಬಂದ ಒಂದು ಮೆಸೇಜಿಗೆ "ಇದೊಂದಕ್ಕೆ" ಎಂದು ಉತ್ತರಿಸಿದರೆ, ನಿಮ್ಮ ಅಂಗಡಿ ಹನ್ನೊಂದಕ್ಕೂ ತೆರೆದಿರುತ್ತದೆ ಎಂದು ಆ ಗಿರಾಕಿಗೆ ನೀವೇ ಹೇಳಿಕೊಟ್ಟಂತೆ. ಉತ್ತರ ಬರೆಯದೆ ಇರಲಾಗದಿದ್ದರೆ ಬರೆಯಿರಿ, ಆದರೆ ಬೆಳಗ್ಗೆ ಹೋಗುವಂತೆ ಶೆಡ್ಯೂಲ್ ಮಾಡಿ.

ದಿನ ಮುಚ್ಚುವ ಹದಿನೈದು ನಿಮಿಷ

ಮುಗಿಯದ ಕೆಲಸ ಮುಗಿದದ್ದಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು 1927ರಲ್ಲಿ ಮನೋವಿಜ್ಞಾನಿ ಬ್ಲೂಮಾ ಜೈಗಾರ್ನಿಕ್ ಬರೆದಿದ್ದರು. ಉದ್ಯಮದಲ್ಲಿ ಕೆಲಸ ಮುಗಿಯುವುದೆಂಬುದೇ ಇಲ್ಲ, ಹಾಗಾಗಿ ಮಲಗಿದಾಗಲೂ ತಲೆಯಲ್ಲಿ ಅದೇ ಸುತ್ತುತ್ತದೆ. ಸಮಾಧಾನದ ಸಂಗತಿಯೆಂದರೆ, ಕೆಲಸ ಮುಗಿಸಲೇಬೇಕೆಂದಿಲ್ಲ. ಅದನ್ನು ಯಾವಾಗ, ಹೇಗೆ ಮಾಡುತ್ತೇವೆಂದು ಸ್ಪಷ್ಟವಾಗಿ ಯೋಜಿಸಿದರೂ ಅದು ತಲೆ ತಿನ್ನುವುದು ಕಡಿಮೆಯಾಗುತ್ತದೆ ಎಂದು ಮ್ಯಾಸಿಕ್ಯಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ತೋರಿಸಿದರು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ 2018ರ ಅಧ್ಯಯನದಲ್ಲಿ, ಮಲಗುವ ಮುಂಚೆ ಐದು ನಿಮಿಷ ಮುಂದಿನ ದಿನಗಳ ಕೆಲಸದ ಪಟ್ಟಿ ಬರೆದವರು, ಆಗಿಹೋದ ಕೆಲಸದ ಬಗ್ಗೆ ಬರೆದವರಿಗಿಂತ ಬೇಗ ನಿದ್ದೆಹೋದರು. ಪಟ್ಟಿ ವಿವರವಾಗಿದ್ದಷ್ಟೂ ನಿದ್ದೆ ಬೇಗ.

ಹಾಗಾಗಿ ಕೆಲಸ ಮುಗಿಸುವ ಮುಂಚೆ ಹದಿನೈದು ನಿಮಿಷ ಒಂದು ನೋಟ್‌ಬುಕ್ ಹಿಡಿದು ಕೂರಿ. ತಲೆಯಲ್ಲಿರುವುದನ್ನೆಲ್ಲ ಮೊದಲ ಐದು ನಿಮಿಷ ಗೀಚಿಹಾಕಿ. ಮುಂದಿನ ಐದು ನಿಮಿಷ ಪ್ರತಿಯೊಂದರ ಎದುರು ಮುಂದಿನ ಹೆಜ್ಜೆ, ಅದರ ದಿನ, ಹೊತ್ತು ಬರೆಯಿರಿ. "ಸಪ್ಲೈಯರ್ ವಿಷಯ ನೋಡಬೇಕು" ಎಂದು ಬರೆದರೆ ಅದು ರಾತ್ರಿಯೂ ಕಾಡುತ್ತದೆ. "ಗುರುವಾರ ಹನ್ನೊಂದಕ್ಕೆ ಸಪ್ಲೈಯರ್‌ಗೆ ಫೋನ್, ಹಿಂದಿನ ಬಿಲ್‌ನಲ್ಲಿ ಎರಡು ಸಲ ಹಾಕಿದ ಸಾಗಣೆ ವೆಚ್ಚ ಕೇಳುವುದು" ಎಂದು ಬರೆದರೆ ಅಲ್ಲಿಗೆ ನಿಲ್ಲುತ್ತದೆ. ಕೊನೆಯ ಐದು ನಿಮಿಷದಲ್ಲಿ ನಾಳೆ ಮಾಡಲೇಬೇಕಾದ ಮೂರನ್ನು ಆರಿಸಿ, ಮೊದಲನೆಯದಕ್ಕೆ ಬೇಕಾದ ಕಾಗದಪತ್ರ ಮೇಜಿನ ಮೇಲೆ ತೆಗೆದಿಡಿ. ಆಮೇಲೆ ದಿನವೂ ಒಂದೇ ಬಗೆಯ ಮುಕ್ತಾಯ: ಕಂಪ್ಯೂಟರ್ ಶಟ್‌ಡೌನ್, ಲೈಟ್ ಆಫ್, ಬಟ್ಟೆ ಬದಲು. ಮನೆಯಿಂದಲೇ ವ್ಯಾಪಾರ ನಡೆಸುವವರಿಗೆ ಈ ಮುಕ್ತಾಯ ಇನ್ನೂ ಮುಖ್ಯ, ಅವರಿಗೆ ಕೆಲಸದಿಂದ ಮನೆಗೆ ಬರುವ ದಾರಿಯೇ ಇರುವುದಿಲ್ಲ.

ಪಟ್ಟಿಯಲ್ಲಿ ಹದಿನೈದು "ಮುಖ್ಯ" ಕೆಲಸ ಬರುತ್ತಿದ್ದರೆ ಅದು ಪಟ್ಟಿಯ ದೋಷವಲ್ಲ, ಒಪ್ಪಿಕೊಂಡ ಕೆಲಸವೇ ಹೆಚ್ಚಾಗಿದೆ.

ಹಣದ ಚಿಂತೆಗೆ ಒಂದು ದಿನ

ಉಸಿರಾಟದ ಅಭ್ಯಾಸ ಅತಿ ಕಡಿಮೆ ನೆರವಿಗೆ ಬರುವುದು ಇಲ್ಲಿ. ಆನಂದಿ ಮಣಿ, ಸೆಂದಿಲ್ ಮುಲ್ಲೈನಾಥನ್, ಎಲ್ಡಾರ್ ಶಾಫಿರ್ ಮತ್ತು ಜಿಯಾಯಿಂಗ್ ಝಾವ್ ಅವರ 2013ರ ಸಂಶೋಧನೆಯಲ್ಲಿ ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ, ಕೈ ಬರಿದಾಗಿರುವಾಗ ಒಮ್ಮೆ, ಕಟಾವಿನ ನಂತರ ಇನ್ನೊಮ್ಮೆ ಪರೀಕ್ಷಿಸಲಾಯಿತು. ಅದೇ ವ್ಯಕ್ತಿಗಳು ಹಣವಿಲ್ಲದ ಹೊತ್ತಿನಲ್ಲಿ ಬುದ್ಧಿಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದರು. ಹಣದ ಚಿಂತೆ ಯೋಚಿಸುವ ಶಕ್ತಿಯನ್ನೇ ಕಬಳಿಸುತ್ತದೆ ಎಂಬುದು ಸಂಶೋಧಕರ ವಿವರಣೆ. ಅಂಥ ಹೊತ್ತಿನಲ್ಲಿ ದೊಡ್ಡ ತೀರ್ಮಾನ ತೆಗೆದುಕೊಳ್ಳುವವರು ಇದನ್ನು ನೆನಪಿಡಬೇಕು.

ದಿನಕ್ಕೆ ಹತ್ತು ಸಲ ಬ್ಯಾಂಕ್ ಬ್ಯಾಲೆನ್ಸ್ ನೋಡುವುದರಿಂದ ಆತಂಕ ಹೆಚ್ಚುತ್ತದೆ, ಮಾಹಿತಿ ಹೆಚ್ಚುವುದಿಲ್ಲ. ತಿಂಗಳುಗಟ್ಟಲೆ ನೋಡದೇ ಇರುವುದೂ ಅದೇ ಆತಂಕದ ಇನ್ನೊಂದು ಮುಖ. ವಾರಕ್ಕೆ ಒಂದೇ ದಿನ, ಒಂದೇ ಹೊತ್ತು, 45 ನಿಮಿಷ ಇದಕ್ಕಿಡಿ. ಮುಂದಿನ 13 ವಾರಕ್ಕೆ, ಅಂದರೆ ಸುಮಾರು ಮೂರು ತಿಂಗಳಿಗೆ, ಒಂದು ಹಾಳೆ ಮಾಡಿ. ವಾರಕ್ಕೊಂದು ಕಾಲಂ. ಮೇಲಿನ ಸಾಲಿನಲ್ಲಿ ವಾರದ ಆರಂಭದ ಹಣ, ಕೆಳಗೆ ಬರುವ ಹಣ, ಅದರ ಕೆಳಗೆ ಹೋಗುವ ಹಣ, ಕೊನೆಯಲ್ಲಿ ಉಳಿಕೆ. ಬರುವ ಹಣವನ್ನು ಬಿಲ್ ಮಾಡಿದ ವಾರದಲ್ಲಿ ಬರೆಯಬೇಡಿ. ಆ ಗಿರಾಕಿ ಸಾಮಾನ್ಯವಾಗಿ ಎಷ್ಟು ದಿನಕ್ಕೆ ಕೊಡುತ್ತಾರೋ ಆ ವಾರದಲ್ಲಿ ಬರೆಯಿರಿ. ಹಾಳೆ ಸುಳ್ಳಾಗುವುದು ಹೆಚ್ಚಾಗಿ ಈ ಒಂದು ತಪ್ಪಿನಿಂದಲೇ. ಹೋಗುವ ಹಣದಲ್ಲಿ ತೆರಿಗೆ, ಸಾಲದ ಕಂತು, ವರ್ಷಕ್ಕೊಮ್ಮೆ ಬರುವ ವಿಮೆ ಇವೆಲ್ಲ ಇರಲಿ. ನಿಮ್ಮ ಸಂಬಳವೂ ಒಂದು ಸಾಲಾಗಿ ಇರಲಿ. ಉಳಿದರೆ ತೆಗೆದುಕೊಳ್ಳುತ್ತೇನೆ ಎನ್ನುವವರಿಗೆ ಏನೂ ಉಳಿಯುವುದಿಲ್ಲ, "ಆಳಾಗಿ ದುಡಿ, ಅರಸಾಗಿ ಉಣ್ಣು" ಎಂಬ ಗಾದೆಯ ಮೊದಲರ್ಧವಷ್ಟೇ ಅವರ ಪಾಲಿಗೆ ಬರುತ್ತದೆ.

ಉಳಿಕೆ ಏಳನೇ ವಾರದಲ್ಲಿ ಸೊನ್ನೆಗಿಂತ ಕೆಳಗಿಳಿಯುತ್ತದೆ ಎಂದು ಇಂದೇ ಗೊತ್ತಾದರೆ ಏಳು ವಾರ ಕೈಯಲ್ಲಿರುತ್ತದೆ: ಬಾಕಿ ಕೇಳಬಹುದು, ಮುಂಗಡ ಪಡೆಯಬಹುದು, ಖರೀದಿ ಮುಂದೂಡಬಹುದು, ಸಪ್ಲೈಯರ್ ಬಳಿ ಗಡುವು ಕೇಳಬಹುದು. ಹಿಂದಿನ ದಿನ ಗೊತ್ತಾದರೆ ನಿದ್ದೆಗೆಡುವುದೊಂದೇ ಉಳಿಯುತ್ತದೆ. ವಾರದ ಮಧ್ಯೆ ಹಣದ ಚಿಂತೆ ತಲೆಯೆತ್ತಿದಾಗ ಅದನ್ನು ಚೀಟಿಯಲ್ಲಿ ಬರೆದು, ಹಣದ ಲೆಕ್ಕದ ದಿನಕ್ಕೆಂದು ಇಟ್ಟ ಕಡತಕ್ಕೆ ಹಾಕಿ. ಆ ದಿನ ನಿಜವಾಗಿಯೂ ಕೂರುತ್ತೀರಿ ಎಂಬ ನಂಬಿಕೆ ಮನಸ್ಸಿಗೆ ಬಂದರೆ ಮಾತ್ರ ಈ ಉಪಾಯ ಫಲಿಸುತ್ತದೆ. ಅದಕ್ಕೆ ಮೂರ್ನಾಲ್ಕು ವಾರ ಹಿಡಿಯುತ್ತದೆ.

ಹಾಳೆಯಲ್ಲಿ ಉಳಿಕೆ ಪ್ರತಿ ವಾರವೂ ಕುಸಿಯುತ್ತಿದೆ, ಆರ್ಡರ್ ಮಾತ್ರ ಕೈತುಂಬ ಇದೆ ಎಂದಾದರೆ ಬೆಲೆ ನೋಡಿ. ಮೊದಲು ಬರೆದಿಟ್ಟ ಗಂಟೆಗಳ ಲೆಕ್ಕ ಇಲ್ಲಿ ನೆರವಿಗೆ ಬರುತ್ತದೆ: ಒಂದು ಆರ್ಡರ್‌ನಿಂದ ಖರ್ಚು ಕಳೆದು ಉಳಿದ ಹಣವನ್ನು ಅದಕ್ಕೆ ನಿಜವಾಗಿ ಹಿಡಿದ ಗಂಟೆಗಳಿಂದ ಭಾಗಿಸಿ. ಮಾತುಕತೆ, ತಿದ್ದುಪಡಿ, ಪ್ಯಾಕಿಂಗ್, ಹಣಕ್ಕಾಗಿ ನಾಲ್ಕು ಸಲ ಮಾಡಿದ ಫೋನ್ ಎಲ್ಲವೂ ಆ ಗಂಟೆಗಳಲ್ಲಿ ಸೇರಬೇಕು. ಬರುವ ಅಂಕಿಗೆ ಬೇರೊಬ್ಬರನ್ನು ಕೆಲಸಕ್ಕಿಡಲು ಸಾಧ್ಯವಿಲ್ಲ ಎನಿಸಿದರೆ, ನೀವೂ ಅಷ್ಟಕ್ಕೆ ಬಹಳ ದಿನ ದುಡಿಯಲಾರಿರಿ.

ಮೈಗೆ ಬೇಕಾದದ್ದು

ಇದು ಎಲ್ಲರಿಗೂ ಗೊತ್ತಿರುವುದೇ, ಅಂಕಿಗಳನ್ನಷ್ಟೇ ಹೇಳಿದರೆ ಸಾಕು. ವಯಸ್ಕರಿಗೆ ರಾತ್ರಿ ಕಡೇ ಪಕ್ಷ 7 ಗಂಟೆ ನಿದ್ದೆ ಬೇಕು. 17 ಗಂಟೆ ಎಚ್ಚರವಿದ್ದವರ ಚುರುಕುತನ ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಸಾರ ಇರುವವರ ಮಟ್ಟಕ್ಕೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಕೊಟೇಶನ್ ಕಳಿಸಬೇಡಿ, ಗಾಡಿ ಓಡಿಸಬೇಡಿ. ಕೆಫೀನ್‌ನ ಅರ್ಧ ಪಾಲು ಮೈಯಿಂದ ಹೋಗಲು ಸುಮಾರು 5 ಗಂಟೆ ಬೇಕು, ಹಾಗಾಗಿ ಕೊನೆಯ ಕಪ್ ಮಲಗುವ ಎಂಟು ಗಂಟೆ ಮೊದಲು ಮುಗಿದಿರಲಿ. ವಾರಕ್ಕೆ 150ರಿಂದ 300 ನಿಮಿಷ ಚುರುಕಾದ ನಡಿಗೆಯಂಥ ಚಟುವಟಿಕೆ, ಕಡೇ ಪಕ್ಷ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಶಿಫಾರಸು. ಕೂತು ಮಾತನಾಡುವ ಫೋನ್ ಕರೆಗಳನ್ನು ನಡೆಯುತ್ತ ಮಾತನಾಡಿದರೆ ಅದರಲ್ಲಿ ಒಂದು ಪಾಲು ತಾನಾಗಿ ಆಗುತ್ತದೆ. ಪರದೆ ನೋಡುವವರು 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡ್ ನೋಡಲಿ.

ಊಟ ತಪ್ಪಿಸುವುದು ಮಾತ್ರ ಬೇರೆ ಮಾತು ಬೇಡುತ್ತದೆ. ಕೆಲಸದ ಭರದಲ್ಲಿ ಹಸಿವು ಗೊತ್ತಾಗುವುದಿಲ್ಲ, ನಾಲ್ಕು ಗಂಟೆಯ ಸಿಡುಕುತನವಾಗಿ ಗೊತ್ತಾಗುತ್ತದೆ. ಊಟದ ಹೊತ್ತನ್ನು ಗಿರಾಕಿಯ ಅಪಾಯಿಂಟ್‌ಮೆಂಟಿನಂತೆ ಕ್ಯಾಲೆಂಡರಿನಲ್ಲಿ ಬರೆಯಿರಿ. ಇಂಥ ರೂಢಿಗಳನ್ನು ಕೂರಿಸಲು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ 1999ರಲ್ಲಿ ವಿವರಿಸಿದ "ಹೀಗಾದಾಗ ಹಾಗೆ" ಎಂಬ ಸೂತ್ರ ಒಳ್ಳೆಯದು. "ಚೆನ್ನಾಗಿ ನೋಡಿಕೊಳ್ಳುತ್ತೇನೆ" ಎಂಬ ಸಂಕಲ್ಪದ ಬದಲು "ಮಧ್ಯಾಹ್ನದ ಮೆಸೇಜ್ ಹೊತ್ತು ಮುಗಿದ ಕೂಡಲೇ ಎದ್ದು ಊಟಕ್ಕೆ ಹೋಗುತ್ತೇನೆ" ಎಂದು ಬರೆಯುವುದು.

ವಿಶ್ರಾಂತಿಯಲ್ಲೂ ಬಗೆಗಳಿವೆ

ಸೋಫಾದ ಮೇಲೆ ಬಿದ್ದುಕೊಂಡು ಫೋನ್ ತೀಡುತ್ತ ಕಳೆದ ಭಾನುವಾರ ದಣಿವು ಆರಿಸದಿರಲು ಕಾರಣವಿದೆ. ಕೆಲಸದ ದಣಿವು ಆರಲು ನಾಲ್ಕು ಅನುಭವ ಬೇಕೆಂದು ಮನೋವಿಜ್ಞಾನಿಗಳಾದ ಸಬೀನ್ ಸೊನೆನ್‌ಟಾಗ್ ಮತ್ತು ಷಾರ್ಲೊಟ್ ಫ್ರಿಟ್ಜ್ 2007ರಲ್ಲಿ ಗುರುತಿಸಿದರು: ಮನಸ್ಸು ಕೆಲಸದಿಂದ ಪೂರ್ತಿ ಬಿಡಿಸಿಕೊಳ್ಳುವುದು, ಮೈ ಸಡಿಲವಾಗುವುದು, ಕೆಲಸಕ್ಕೆ ಸಂಬಂಧವಿಲ್ಲದ ಏನನ್ನಾದರೂ ಕಲಿತು ಹಿಡಿತ ಸಾಧಿಸುವುದು, ಆ ಹೊತ್ತನ್ನು ಹೇಗೆ ಕಳೆಯಬೇಕೆಂಬುದು ತನ್ನ ಕೈಯಲ್ಲೇ ಇರುವುದು. ಸ್ವಂತ ಉದ್ಯಮದವರಿಗೆ ಮೊದಲನೆಯದು ಅತಿ ಕಷ್ಟ. ಮೂರನೆಯದು ಅದಕ್ಕೆ ದಾರಿ ಮಾಡಿಕೊಡುತ್ತದೆ: ಈಜುವಾಗ, ವಾದ್ಯ ಕಲಿಯುವಾಗ, ಗಿಡಕ್ಕೆ ಕಸಿ ಕಟ್ಟುವಾಗ ಮನಸ್ಸು ಬಿಲ್ ಎಣಿಸಲಾರದು. ವಾರಕ್ಕೆ ಅರ್ಧ ದಿನ ಇದಕ್ಕೆ ಸಿಗಲಿ, ಆ ಹವ್ಯಾಸದಿಂದ ಹಣ ಮಾಡುವ ಯೋಚನೆ ಮಾತ್ರ ಬೇಡ.

ಒಂಟಿತನದ ಬಗ್ಗೆಯೂ ಒಂದು ಮಾತು. ಮನೆಯವರಿಗೆ ಹೇಳಿದರೆ ಹೆದರುತ್ತಾರೆ, ಕೆಲಸಗಾರರಿಗೆ ಹೇಳಲಾಗುವುದಿಲ್ಲ. ನಿಮ್ಮಂತೆಯೇ ಬೇರೆ ಉದ್ಯಮ ನಡೆಸುವ, ನಿಮ್ಮ ಪೈಪೋಟಿಗಿಲ್ಲದ ಒಬ್ಬರೊಡನೆ ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಮಾತನಾಡುವ ಏರ್ಪಾಡು ಮಾಡಿಕೊಳ್ಳಿ. ತಲಾ ಅರ್ಧ ಗಂಟೆ. ಒಬ್ಬರು ಹೇಳುವಾಗ, ಅವರಾಗಿಯೇ ಕೇಳಿದರೆ ಮಾತ್ರ ಇನ್ನೊಬ್ಬರು ಸಲಹೆ ಕೊಡಬೇಕು.

ವೈದ್ಯರ ಬಳಿ ಹೋಗಬೇಕಾದ ಹೊತ್ತು

ದಿನದ ಬಹುಪಾಲು ಮನಸ್ಸು ಕುಗ್ಗಿದ್ದು, ಯಾವುದರಲ್ಲೂ ಆಸಕ್ತಿಯಿಲ್ಲದೆ ಎರಡು ವಾರ ಕಳೆದರೆ, ನಿದ್ದೆ, ಹಸಿವು ಪೂರ್ತಿ ಏರುಪೇರಾದರೆ, ಅಥವಾ ದಿನ ದೂಡಲು ಮದ್ಯವೋ ಮಾತ್ರೆಯೋ ಬೇಕೆನಿಸಿದರೆ, ಅದು ಈ ಲೇಖನದ ವ್ಯಾಪ್ತಿ ಮೀರಿದ್ದು. ವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರೆ ಅದೇ ದಿನ, ನಂಬುವ ಒಬ್ಬರಿಗೆ ತಿಳಿಸಿ, ನಿಮ್ಮ ದೇಶದ ಮಾನಸಿಕ ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ. ಎದೆನೋವು, ಎಡತೋಳಿಗೋ ದವಡೆಗೋ ಹರಡುವ ನೋವು, ಮೈಯ ಒಂದು ಬದಿ ಸೋಲುವುದು, ಮಾತು ತೊದಲುವುದು ಇವನ್ನು "ಟೆನ್ಷನ್" ಎಂದು ತಳ್ಳಿಹಾಕಬಾರದು, ತಕ್ಷಣ ಆಸ್ಪತ್ರೆ.

ನೀವಿಲ್ಲದ ದಿನದ ಕಡತ

ಕಾಯಿಲೆ ಬಿದ್ದರೆ ಏನು ಗತಿ ಎಂಬ ಚಿಂತೆ ಒಬ್ಬರೇ ನಡೆಸುವ ಉದ್ಯಮದಲ್ಲಿ ಸದಾ ಒಳಗೊಳಗೇ ಇರುತ್ತದೆ. ಅದಕ್ಕೆ ಉತ್ತರ ನಾಲ್ಕು ಪುಟದ ಒಂದು ಕಡತ. ಮೊದಲ ಪುಟದಲ್ಲಿ ನಡೆಯುತ್ತಿರುವ ಆರ್ಡರ್‌ಗಳು, ಅವುಗಳ ಗಡುವು, ಗಿರಾಕಿಯ ನಂಬರ್. ಎರಡನೆಯದರಲ್ಲಿ ಈ ತಿಂಗಳು ಕೊಡಬೇಕಾದ, ಬರಬೇಕಾದ ಹಣ. ಮೂರನೆಯದರಲ್ಲಿ ಬೀಗದ ಕೈ, ಕಾಗದಪತ್ರ ಎಲ್ಲಿವೆ, ಪಾಸ್‌ವರ್ಡ್ ಮ್ಯಾನೇಜರ್ ತೆರೆಯುವುದು ಹೇಗೆ. ಪಾಸ್‌ವರ್ಡ್‌ಗಳನ್ನೇ ಹಾಳೆಯಲ್ಲಿ ಬರೆಯಬೇಡಿ. ನಾಲ್ಕನೆಯದರಲ್ಲಿ ಗಿರಾಕಿಗಳಿಗೆ ಕಳಿಸಬೇಕಾದ ಮೆಸೇಜ್, ಪೂರ್ತಿಯಾಗಿ ಬರೆದು: "ಕಾರಣಾಂತರದಿಂದ ಕೆಲಸ ಮೂರು ದಿನ ತಡವಾಗುತ್ತದೆ. ನಿಮ್ಮ ಆರ್ಡರ್ ಇಂಥ ದಿನ ತಲುಪುತ್ತದೆ. ತುರ್ತಿದ್ದರೆ ಈ ನಂಬರ್‌ಗೆ ಕರೆ ಮಾಡಿ."

ಇದನ್ನು ನಂಬಿಗಸ್ತರೊಬ್ಬರ ಕೈಗೆ ಕೊಟ್ಟು, ನೀವು ಆರೋಗ್ಯವಾಗಿರುವಾಗಲೇ ಅರ್ಧ ದಿನ ಫೋನ್ ಆಫ್ ಮಾಡಿ ನೋಡಿ. ಮರಳಿ ಬಂದಾಗ ಅವರು ಕೇಳುವ ಪ್ರಶ್ನೆಗಳನ್ನೆಲ್ಲ ಉತ್ತರ ಸಮೇತ ಕಡತಕ್ಕೆ ಸೇರಿಸಿ. ಮುಂದಿನ ತಿಂಗಳು ಒಂದು ದಿನ ಪೂರ್ತಿ, ಅದರ ಮುಂದಿನ ತಿಂಗಳು ಎರಡು ದಿನ. ಪ್ರಶ್ನೆಗಳ ಸಂಖ್ಯೆ ಇಳಿಯದಿದ್ದರೆ ದಿನ ಹೆಚ್ಚಿಸಬೇಡಿ, ಕಡತ ತಿದ್ದಿ.